ಜೇನಿನ ವಿಷ ಔಷಧಿ ಅಂತ ಹಾಕೋ ಮುಂಚೆ, ಯಾವ ಪ್ರೋಟೀನ್ ಅಂತ ಒಂದ್ಸಲ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ಜೇನುಹುಳದ ವಿಷಕ್ಕೆ ಕ್ಯಾನ್ಸರ್ ಸಾಯತ್ತೆ ಅಂತ ಅರ್ಧ ಪುಟ ಬಂದಿತ್ತಲ್ಲ, ಪೇಪರ್ ಬಂದು ಅರ್ಧ ಗಂಟೆ ಆಗಿರ್ಲಿಲ್ಲ, ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ರು. "ಏನೋ, ಇಷ್ಟು ವರ್ಷದಿಂದ ಅದೇ ವಿಷದ ಲ್ಯಾಬಲ್ಲಿ ಇದ್ದೀಯ, ಒಂದಿನಾನೂ ಬಾಯಿ ಬಿಡ್ಲಿಲ್ವಲ್ಲ, ನನ್ನ ಮಂಡಿಗೆ ನಾಲ್ಕು ಹುಳ ಕಚ್ಚಿಸ್ಕೊಂಡ್ರೆ ಆಗಲ್ವಾ" ಅಂತ. ಮಂಡಿ ನೋವಿಗೂ ಕ್ಯಾನ್ಸರಿಗೂ ಏನ್ ಸಂಬಂಧ ಚಿಕ್ಕಮ್ಮ ಅಂದೆ. "ಕ್ಯಾನ್ಸರೇ ಹೋಗತ್ತೆ ಅಂದ್ಮೇಲೆ ಮಂಡಿ ಯಾವ ಲೆಕ್ಕ" ಅಂದ್ರು. ಬೈಯೋಕೂ ಆಗ್ಲಿಲ್ಲ ನಂಗೆ, ಆ ಹೆಡ್‌ಲೈನ್ ಓದಿದ್ರೆ ಯಾರಿಗಾದ್ರೂ ಹಂಗೇ ಅನ್ಸತ್ತೆ. ಅದಕ್ಕೇ ಈ ಪತ್ರ. ಉದ್ದ ಆಗತ್ತೆ, ಕತ್ತರಿಸೋದಿದ್ರೆ ಕತ್ತರಿಸಿ, ಆದ್ರೆ 1978ರ ಕತೆ ಒಂದು ಮಧ್ಯದಲ್ಲಿ ಬರತ್ತೆ, ಅದನ್ನ ಮಾತ್ರ ದಯವಿಟ್ಟು ಬಿಡಬೇಡಿ.

ನಾನು ವಿಜ್ಞಾನಿ ಅಲ್ಲ, ಬರೀ ಟೆಕ್ನಿಷಿಯನ್. ಜೇನು, ಕಣಜದ ಹುಳ, ಇರುವೆ ಇವುಗಳ ವಿಷ ತೆಗೆಯೋದು, ಬೇರೆ ಬೇರೆ ಮಾಡೋದು, ಮೆಷಿನ್ನಿಗೆ ಹಾಕೋದು ನನ್ ಕೆಲಸ. ಜನಕ್ಕೆ ಇದನ್ನ ಹೇಳಿದ ತಕ್ಷಣ ಹಾವಿನ ಹಲ್ಲು ಹಿಂಡೋ ಥರ ಏನೋ ಕಲ್ಪನೆ ಬರತ್ತೆ. ಹಾವು ಪುಣ್ಯಾತ್ಮ ರೀ, ಒಂದ್ಸಲಕ್ಕೆ ಕಣ್ಣಿಗೆ ಕಾಣೋಷ್ಟು ಕೊಡತ್ತೆ. ಇರುವೆದು ನೋಡಿ. ಮೊದ್ಲು ಫ್ರೀಜರಲ್ಲಿಟ್ಟು ಸಾಯಿಸ್ಬೇಕು, ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಒಂದು ಹನಿ ನೀರಲ್ಲಿ ಮಲಗಿಸಿ, ಎಡಗೈ ಚಿಮಟದಲ್ಲಿ ಹೊಟ್ಟೆ ಹಿಡ್ಕೊಂಡು ಬಲಗೈ ಚಿಮಟದಲ್ಲಿ ತೀರಾ ಕೊನೇ ಉಂಗುರಾನ ಮೆಲ್ಲಗೆ ಎಳೀಬೇಕು, ಸರಿಯಾಗಿ ಎಳೆದ್ರೆ ಕೊಂಡಿ ಈಚೆ ಬರತ್ತೆ, ಕೊಂಡಿ ಹಿಂದೆ ದಾರದ ಥರ ಒಂದು ನಾಳ, ನಾಳದ ತುದೀಲಿ ವಿಷದ ಚೀಲ, ಪುಟ್ಟ ನೀರ್ಗುಳ್ಳೆ ಥರ ಹೊಳೀತಿರತ್ತೆ. ಆ ಟೈಮಲ್ಲಿ ಯಾರಾದ್ರೂ ಹಿಂದಿಂದ ಬಂದು ಕಾಫಿಗೆ ಬರ್ತೀಯಾ ಅಂದ್ರೆ ಮುಗೀತು, ಕೈ ಅಲ್ಲಾಡತ್ತೆ, ಗುಳ್ಳೆ ಒಡೆಯತ್ತೆ, ಇನ್ನೊಂದು ಇರುವೆ. ಬೆಳಿಗ್ಗೆಯಿಂದ ಸಂಜೆ ತನಕ ಕೂತು ಬೆನ್ನು ಬಿದ್ದೋದ್ರೂ ಟ್ಯೂಬಿನ ತಳದಲ್ಲಿ ಏನಿದೆ ಅಂತ ಬೆಳಕಿಗೆ ಹಿಡಿದು ನೋಡ್ಬೇಕು.

ಜೇನಿಗೆ ಪರವಾಗಿಲ್ಲ, ಅದಕ್ಕೊಂದು ಉಪಾಯ ಇದೆ. ಗಾಜಿನ ತಟ್ಟೆ ಮೇಲೆ ತೆಳ್ಳಗಿನ ವೈರ್ ಎಳೆದು ಗೂಡಿನ ಬಾಗಿಲಲ್ಲಿ ಇಡ್ತಾರೆ, ವೈರಲ್ಲಿ ಸಣ್ಣಗೆ ಕರೆಂಟ್ ಬಿಟ್ಟು ಬಿಟ್ಟು ಕೊಡ್ತಾರೆ, ಹುಳಕ್ಕೆ ಸಿಟ್ಟು ಬಂದು ಗಾಜಿಗೆ ಕುಟುಕತ್ತೆ. ನಮ್ಮ ಚರ್ಮದಲ್ಲಾದ್ರೆ ಕೊಂಡಿ ಸಿಕ್ಕಾಕೊಂಡು ಹುಳ ಸಾಯತ್ತೆ, ಗಾಜಿಗೆ ಕೊಂಡಿ ಇಳಿಯಲ್ಲ ನೋಡಿ, ಹಂಗಾಗಿ ಹುಳ ಉಳ್ಕೊಳತ್ತೆ, ವಿಷದ ಹನಿ ಗಾಜಿನ ಮೇಲೆ ಒಣಗತ್ತೆ, ಬ್ಲೇಡಲ್ಲಿ ಕೆರೆದ್ರೆ ತಿಳಿ ಹಳದಿ ಪುಡಿ. ಆ ಪುಡಿ ಕೆರೆಯೋವಾಗ ಮಾಸ್ಕ್ ಹಾಕದೆ ಇದ್ರೆ ಮೂಗು ಕಣ್ಣು ಎಲ್ಲಾ ಉರಿ. ಮತ್ತೆ ಆ ಜಾಗ ಪೂರ್ತಿ ಬಾಳೆಹಣ್ಣಿನ ವಾಸನೆ, ಅದು ಅವುಗಳ ಅಪಾಯದ ಸಿಗ್ನಲ್ಲು, ಒಂದು ಕುಟುಕಿದ್ರೆ ಆ ವಾಸನೆಗೆ ಉಳಿದವೂ ಮೇಲೆ ಬೀಳ್ತವೆ. ನಂಗೆ ಈಗ ಬಾಳೆಹಣ್ಣು ಸುಲಿದ್ರೂ ಕತ್ತಿನ ಹಿಂದೆ ಒಂಥರಾ ಆಗತ್ತೆ, ಅದಿರ್ಲಿ.

ಈಗ ವಿಷಯಕ್ಕೆ ಬರ್ತೀನಿ. ಜೇನಿನ ವಿಷ ಅಂತ ನಿಮ್ಮ ಲೇಖನದಲ್ಲಿ ಹತ್ತು ಕಡೆ ಬರೆದಿದ್ದಾರೆ, ಅದು ಒಂದೇ ಪದಾರ್ಥ ಅನ್ನೋ ಹಾಗೆ. ಅದೊಂದು ಪೂರ್ತಿ ಸಂತೆ. ಆ ಪುಡೀನ ಕರಗಿಸಿ ಮೆಷಿನ್‌ಲ್ಲಿ ಓಡಿಸಿದ್ರೆ ಸ್ಕ್ರೀನ್ ಮೇಲೆ ಒಂದೊಂದೇ ಗುಡ್ಡ ಏಳ್ತಾ ಹೋಗತ್ತೆ, ಒಂದು ಗುಡ್ಡ ಅಂದ್ರೆ ಒಂದು ಪದಾರ್ಥ ಅಂದ್ಕೊಳಿ. ಮೊದ್ಲು ಸಣ್ಣ ಸಣ್ಣವು. ಅಪಮಿನ್ ಅಂತ ಒಂದು ಬರತ್ತೆ, ಬರೀ 18 ಅಮೈನೋ ಆಸಿಡ್‌ನ ಪುಟಾಣಿ ಪೆಪ್ಟೈಡ್ (ಅಮೈನೋ ಆಸಿಡ್ ಅಂದ್ರೆ ಪ್ರೋಟೀನಿನ ಮಣಿ, ಅಂಥ ಮಣಿಗಳ ಚಿಕ್ಕ ಸರಕ್ಕೆ ಪೆಪ್ಟೈಡ್ ಅಂತಾರೆ), ಒಣ ವಿಷದಲ್ಲಿ ಅದು 2-3 ಪರ್ಸೆಂಟ್ ಅಷ್ಟೇ. ಫಾಸ್ಫೋಲೈಪೇಸ್ ಎ2 ಅನ್ನೋ ಎನ್‌ಜೈಮ್ ಒಂದು 10-12 ಪರ್ಸೆಂಟ್. ಹಯಲುರೊನಿಡೇಸ್ ಅಂತ ಇನ್ನೊಂದು ಇದೆ, ಅದು ಚರ್ಮದ ಕೆಳಗೆ ಕೋಶಗಳ ಮಧ್ಯೆ ಇರೋ ಅಂಟನ್ನ ಕರಗಿಸಿ ಬೇರೆಯವಕ್ಕೆ ದಾರಿ ಮಾಡ್ಕೊಡೋದು. ಕೊನೇಗೆ ಮೆಲಿಟಿನ್ ಬರತ್ತೆ ನೋಡಿ, ಗುಡ್ಡ ಅಲ್ಲ ಪರ್ವತ, ಒಣ ವಿಷದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಅದೊಂದೇ, ಅದರ ಮುಂದೆ ಉಳಿದವೆಲ್ಲಾ ಕಾಣೋದೇ ಇಲ್ಲ, ಸ್ಕೇಲ್ ಬದಲಾಯಿಸಿ ನೋಡ್ಬೇಕು.

ಈ ಮೆಲಿಟಿನ್ನಿನದ್ದೇ ನಿಮ್ಮ ಲೇಖನದ ಹೀರೋ ಪಾರ್ಟು. 26 ಅಮೈನೋ ಆಸಿಡ್‌ನ ಒಂದು ಸರ. ಒಂದು ಕಡೆ ಎಣ್ಣೆ ಇಷ್ಟ, ಇನ್ನೊಂದು ಕಡೆ ನೀರು ಇಷ್ಟ, ಸೋಪಿನ ಬುದ್ಧಿ. ಕೋಶದ ಹೊರಗಿನ ಪೊರೆ ಕೊಬ್ಬಿಂದು, ಅದರ ಮೇಲೆ ಹೋಗಿ ಮಲಗತ್ತೆ, ಸಾಕಷ್ಟು ಜನ ಸೇರಿದ್ಮೇಲೆ ಪೊರೆಗೆ ತೂತು ಮಾಡತ್ತೆ. ತೂತು ಬಿದ್ದ ಕೋಶ ಸತ್ತಂಗೆ. ಕ್ಯಾನ್ಸರ್ ಕೋಶಾನೂ ಸಾಯತ್ತೆ, ಅದು ನಿಜ. ಆದ್ರೆ ರಕ್ತದ ಕೆಂಪು ಕಣಕ್ಕೂ ಅದು ಅಷ್ಟೇ ಸಲೀಸಾಗಿ ತೂತು ಮಾಡತ್ತೆ. ನಾವು ಲ್ಯಾಬಲ್ಲಿ ಮೆಲಿಟಿನ್ ಸರಿಯಾಗಿ ಕೆಲಸ ಮಾಡ್ತಿದ್ಯಾ ಅಂತ ನೋಡೋದೇ ಹಂಗೆ, ರಕ್ತದ ಕಣ ಇರೋ ಮಬ್ಬು ದ್ರಾವಣಕ್ಕೆ ಒಂದು ತೊಟ್ಟು ಹಾಕಿದ್ರೆ ಸ್ವಲ್ಪ ಹೊತ್ತಿಗೆ ಮಬ್ಬೆಲ್ಲಾ ಹೋಗಿ ಕೆಂಪು ಗಾಜಿನ ಥರ ತಿಳಿ ಆಗ್ಬಿಡತ್ತೆ, ಕಣಗಳೆಲ್ಲಾ ಒಡೆದು ಒಳಗಿಂದು ಈಚೆ ಬಂತು ಅಂತ ಅರ್ಥ. ನೋಡೋಕೆ ಚಂದ. ನಮ್ಮ ರಕ್ತನಾಳದೊಳಗೆ ಆಗೋದು ಬೇಡ.

ಒಂದು ಅನುಮಾನ ಬರ್ಬೇಕು ಓದೋರಿಗೆ, ಎಲ್ಲಾನೂ ತೂತು ಮಾಡೋ ಈ ಸಾಮಾನು ಜೇನಿನ ಹೊಟ್ಟೇಲೇ ತಯಾರಾಗೋವಾಗ ಜೇನನ್ನೇ ಯಾಕೆ ಸಾಯಿಸಲ್ಲ ಅಂತ. ನಂಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ವಿಷಯ ಇದು. ಜೇನು ಅದನ್ನ ನೇರವಾಗಿ ಮಾಡಲ್ಲ, ಮುಂದೆ ಒಂದು ಬಾಲ ಅಂಟಿಸಿ ಮಾಡತ್ತೆ, ಬಾಲ ಇರೋ ತನಕ ಅದು ಸಾಧು. ಆಮೇಲೆ ಒಂದು ಎನ್‌ಜೈಮ್ ಬಂದು ಆ ಬಾಲಾನ ಎರಡೆರಡೇ ಅಮೈನೋ ಆಸಿಡ್ ಲೆಕ್ಕದಲ್ಲಿ ಕತ್ತರಿಸ್ತಾ ಬರತ್ತೆ, ಪೂರ್ತಿ ಕತ್ತರಿಸಿದ್ಮೇಲೇ ಮೆಲಿಟಿನ್‌ಗೆ ಹಲ್ಲು ಬರೋದು. 1980ರಲ್ಲಿ ಗುಂತರ್ ಕ್ರೈಲ್ ಅನ್ನೋರ ತಂಡ ಇದನ್ನ ತೋರಿಸ್ತು. ಪಿಸ್ತೂಲನ್ನ ಬಿಡಿಭಾಗ ಮಾಡಿ ಸಾಗಿಸೋ ಥರ. ಮೆಲಿಟಿನ್ನನ್ನ ಔಷಧಿ ಮಾಡ್ಬೇಕು ಅನ್ನೋರೆಲ್ಲಾ ಇವತ್ತು ತಲೆ ಕೆಡಿಸ್ಕೊಂಡಿರೋದೂ ಇದೇ ವಿಷಯಕ್ಕೆ, ದಾರೀಲಿ ಸುಮ್ಮನಿದ್ದು ಕ್ಯಾನ್ಸರ್ ಗೆಡ್ಡೆ ಹತ್ರ ಹೋದ್ಮೇಲೆ ಮಾತ್ರ ಹಲ್ಲು ಬರೋ ಹಾಗೆ ಮಾಡೋದು ಹೆಂಗೆ ಅಂತ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯೋರು 2009ರಲ್ಲಿ ನ್ಯಾನೋ ಕಣದ ಮೇಲೆ ಮೆಲಿಟಿನ್ ಕೂರಿಸಿ ಇಲಿಗಳಿಗೆ ಕೊಟ್ಟಿದ್ದು ಇದೇ ಕಾರಣಕ್ಕೆ, ಅದಕ್ಕೆ ನ್ಯಾನೋಬೀ ಅಂತ ಮುದ್ದಿನ ಹೆಸರು ಬೇರೆ.

ನಿಮ್ಮ ಲೇಖನ ಹೇಳಿದ ಸಂಶೋಧನೆ 2020ರದ್ದು, ಆಸ್ಟ್ರೇಲಿಯಾದ ಪರ್ತ್‌ನ ಹ್ಯಾರಿ ಪರ್ಕಿನ್ಸ್ ಸಂಸ್ಥೆಯ ಕಿಯಾರಾ ಡಫಿ ಮತ್ತೆ ಅವರ ತಂಡದ್ದು. ಒಳ್ಳೇ ಕೆಲಸ ಅದು, ನಾನು ಅದನ್ನ ಎರಡು ಸಲ ಓದಿದ್ದೀನಿ. ಆಸ್ಟ್ರೇಲಿಯಾ, ಐರ್ಲೆಂಡ್, ಇಂಗ್ಲೆಂಡಿನ 312 ಹುಳಗಳ ವಿಷ ತಗೊಂಡು ಲ್ಯಾಬಿನ ತಟ್ಟೇಲಿ ಬೆಳೆಸಿದ ಸ್ತನ ಕ್ಯಾನ್ಸರಿನ ಬೇರೆ ಬೇರೆ ಬಗೆಯ ಕೋಶಗಳ ಮೇಲೆ ಹಾಕಿದ್ರು. ಜೇನಿನ ವಿಷ ಸಾಯಿಸ್ತು, ದುಂಬಿ ಜಾತಿಯ ಬಂಬಲ್‌ಬೀ ವಿಷ ಹಾಗೆ ಸಾಯಿಸ್ಲಿಲ್ಲ, ಯಾಕಂದ್ರೆ ಅದರಲ್ಲಿ ಮೆಲಿಟಿನ್ ಇಲ್ಲ. ಅಂದ್ರೆ ಕೆಲಸ ಮಾಡಿದ್ದು ಮೆಲಿಟಿನ್ ಅಂತ ಅಲ್ಲಿಗೇ ಸುಳಿವು ಸಿಕ್ತು. ಇಲಿಗಳ ಮೇಲೆ ಡೋಸಿಟ್ಯಾಕ್ಸೆಲ್ ಅನ್ನೋ ಈಗಾಗ್ಲೇ ಇರೋ ಕೀಮೋ ಔಷಧಿ ಜೊತೆ ಮೆಲಿಟಿನ್ ಕೊಟ್ಟು ನೋಡಿದ್ರು. ಇದೆಲ್ಲಾ ಸರಿ. ಆದ್ರೆ ಇದರಲ್ಲಿ ಮನುಷ್ಯ ಎಲ್ಲಿ ಬಂದ ಸ್ವಾಮಿ? ತಟ್ಟೆ, ಇಲಿ, ಅಲ್ಲಿಗೆ ನಿಂತಿದೆ. ನಿಮ್ಮ ಲೇಖನದಲ್ಲಿ ಇಲಿ ಅನ್ನೋ ಪದ ಕೊನೇ ಪ್ಯಾರಾದಲ್ಲಿದೆ, ತಟ್ಟೆ ಅನ್ನೋದು ಇಲ್ಲವೇ ಇಲ್ಲ, ನಾನು ಹುಡುಕಿದೆ.

ಮನುಷ್ಯರ ಮೇಲೆ ಮಾಡಿ ನೋಡಿಲ್ವಾ ಅಂದ್ರೆ, ಬೇರೆ ಕಾಯಿಲೆಗಳಿಗೆ ಮಾಡಿ ನೋಡಿದ್ದಾರೆ, ಅದು ಮಾತ್ರ ಯಾವ ಪೇಪರಲ್ಲೂ ಅರ್ಧ ಪುಟ ಬರಲ್ಲ. 2005ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ ಇರೋ 26 ಜನಕ್ಕೆ ವಾರಕ್ಕೆ ಮೂರು ಸಲ, ಒಂದ್ಸಲಕ್ಕೆ 20 ಹುಳದ ತನಕ, ಜೀವಂತ ಜೇನಿಂದ ಕುಟುಕಿಸಿದ್ರು, ಹಂಗೆ 24 ವಾರ. ಊಹೆ ಮಾಡ್ಕೊಳಿ ಆ ಜನದ ತಾಳ್ಮೆ. ಕೊನೇಗೆ ಸ್ಕ್ಯಾನಲ್ಲಿ ಕಾಯಿಲೆ ಕಮ್ಮಿ ಆಗಿರ್ಲಿಲ್ಲ, ಸುಸ್ತು ಕಮ್ಮಿ ಆಗಿರ್ಲಿಲ್ಲ, ಓಡಾಟ ಸುಧಾರಿಸಿರ್ಲಿಲ್ಲ. 2016ರಲ್ಲಿ ಪಾರ್ಕಿನ್ಸನ್ ಕಾಯಿಲೆಯ 40 ಜನದ ಮೇಲೆ ಫ್ರಾನ್ಸಲ್ಲಿ ತಿಂಗಳಿಗೊಂದು ಇಂಜೆಕ್ಷನ್ ಹಂಗೆ 11 ತಿಂಗಳು ಜೇನು ವಿಷ ಕೊಟ್ಟು ನೋಡಿದ್ರು, ಬರೀ ಉಪ್ಪುನೀರು ಕೊಟ್ಟೋರಿಗೂ ಇವರಿಗೂ ಹೇಳ್ಕೊಳೋ ವ್ಯತ್ಯಾಸ ಸಿಗ್ಲಿಲ್ಲ.

ಮತ್ತೆ ಸುಮ್ಮನೆ ಕಚ್ಚಿಸ್ಕೊಂಡ್ರೆ ಹೋಗೋದೇನಿದೆ ಅನ್ನೋರಿಗೆ ಇನ್ನೊಂದು. ಸ್ಪೇನ್‌ನಲ್ಲಿ 55 ವರ್ಷದ ಒಬ್ಬ ಹೆಂಗಸು, ಎರಡು ವರ್ಷದಿಂದ ನಾಲ್ಕು ವಾರಕ್ಕೊಮ್ಮೆ ಜೀವಂತ ಜೇನಿಂದ ಕುಟುಕಿಸ್ಕೊಳ್ತಿದ್ರು, ಏನೂ ತೊಂದರೆ ಆಗಿರ್ಲಿಲ್ಲ, ಒಂದಿನ ಕುಟುಕಿದ ತಕ್ಷಣ ಉಸಿರು ಕಟ್ಟಿ ಪ್ರಜ್ಞೆ ಹೋಗಿ ಆಮೇಲೆ ಆಸ್ಪತ್ರೇಲಿ ತೀರ್ಕೊಂಡ್ರು, ವೈದ್ಯರು 2018ರಲ್ಲಿ ಅದನ್ನ ಬರೆದು ಪ್ರಕಟಿಸಿದ್ದಾರೆ. ಇಷ್ಟು ದಿನ ಏನೂ ಆಗಿಲ್ಲ ಅಂದ್ರೆ ನಾಳೆಯೂ ಆಗಲ್ಲ ಅಂತ ಲೆಕ್ಕ ಇಲ್ಲ ಇಲ್ಲಿ, ಅಲರ್ಜಿ ಹುಟ್ಟೋದೇ ಮತ್ತೆ ಮತ್ತೆ ಒಳಗೆ ಹೋದಾಗ. ಮೊದಲ ಕುಟುಕಿಗೆ ಮೈ ಗುರುತಿಟ್ಕೊಳತ್ತೆ, ಮುಂದೆ ಯಾವತ್ತೋ ಒಂದಿನ ಯುದ್ಧಕ್ಕೆ ಇಳಿಯತ್ತೆ. ಇದನ್ನ ಚಿಕ್ಕಮ್ಮಂಗೆ ಹೇಳಿದ್ಮೇಲೆ ಸ್ವಲ್ಪ ತಣ್ಣಗಾದ್ರು.

ಆದ್ರೆ ಸುಮ್ಮನೆ ಬಿಡೋ ಪೈಕಿ ಅಲ್ಲ ಅವರು. "ಹಾವಿನ ವಿಷದಿಂದ ಬಿಪಿ ಮಾತ್ರೆ ಮಾಡಿಲ್ವಾ" ಅಂದ್ರು. ಮಾಡಿದ್ದಾರೆ, ಕ್ಯಾಪ್ಟೊಪ್ರಿಲ್, 1981ರಲ್ಲಿ ಬಂತು, ಬ್ರೆಜಿಲ್‌ನ ಜರರಾಕಾ ಅನ್ನೋ ಮಂಡಲದ ಜಾತಿ ಹಾವಿನ ವಿಷದಲ್ಲಿದ್ದ ಪೆಪ್ಟೈಡ್ ನೋಡಿ ಮಾಡಿದ್ದು. ಆದ್ರೆ ಆ ಮಾತ್ರೇಲಿ ಹಾವಿನದ್ದು ಒಂದು ಕಣವೂ ಇಲ್ಲ. ಹಾವಿನ ವಿಷದೊಳಗೆ ನೂರೆಂಟು ಇದ್ದಿದ್ರಲ್ಲಿ ಬಿಪಿ ಇಳಿಸೋದು ಇದೊಂದು ಅಂತ ಪತ್ತೆ ಹಚ್ಚಿ, ಅದು ಯಾವ ಎನ್‌ಜೈಮಿನ ಬಾಯಿ ಕಟ್ಟತ್ತೆ ಅಂತ ನೋಡಿ, ಅದೇ ಕೆಲಸ ಮಾಡೋ ಬೇರೇನೇ ಒಂದು ಚಿಕ್ಕ ರಾಸಾಯನಿಕ ಕಟ್ಟಿದ್ರು. ಬಿಪಿ ಇದ್ದೋರು ಹಾವಿಂದ ಕಚ್ಚಿಸ್ಕೊಳಿ ಅಂತ ಯಾರೂ ಹೇಳ್ಲಿಲ್ಲ ನೋಡಿ. ಜೇನು ಅಂದ್ರೆ ಮಾತ್ರ ಯಾಕೋ ಎಲ್ಲರಿಗೂ ಧೈರ್ಯ.

ಈಗ ನಾನು ಬಿಡಬೇಡಿ ಅಂದ ಕತೆ. ಜೇನು, ಕಣಜಗಳ ವಿಷಕ್ಕೆ ಸಂಬಂಧಪಟ್ಟು ಮನುಷ್ಯರ ಜೀವ ಉಳಿಸಿದ್ದು ಅಂತ ಕಣ್ಣು ಮುಚ್ಕೊಂಡು ಹೇಳಬಹುದಾದ ಚಿಕಿತ್ಸೆ ಒಂದಿದೆ, ಅದು ಕ್ಯಾನ್ಸರಿಗಲ್ಲ, ಅದೇ ವಿಷದ ಅಲರ್ಜಿಗೆ. ಅಲರ್ಜಿ ಇದ್ದೋರಿಗೆ ಅದೇ ವಿಷಾನ ತೀರಾ ಸಣ್ಣ ಪ್ರಮಾಣದಿಂದ ಶುರು ಮಾಡಿ ಏರಿಸ್ತಾ ಏರಿಸ್ತಾ ಮೈಗೆ ಒಗ್ಗಿಸೋದು. ಐಡಿಯಾ ಹಳೇದು. 1930ರಲ್ಲಿ ಬೆನ್ಸನ್, ಸೆಮೆನೋವ್ ಅನ್ನೋ ಇಬ್ಬರು ವೈದ್ಯರು ಜೇನಿನ ಅಲರ್ಜಿ ಇರೋ ಜೇನು ಸಾಕಣೆದಾರ ಒಬ್ಬರಿಗೆ ಇಡೀ ಜೇನುಹುಳಾನ ಅರೆದು ತೆಗೆದ ಸಾರ ಕೊಟ್ಟ ವರದಿ ಬರೆದ್ರು. ಅಲರ್ಜಿ ಇರೋದು ಹುಳದ ಮೈಗೆ, ವಿಷಕ್ಕೇ ಅಂತೇನಿಲ್ಲ ಅಂತ ಅವರ ನಂಬಿಕೆ. ಅಲ್ಲಿಂದ ಅದೇ ಪದ್ಧತಿ ಆಗೋಯ್ತು. ರೆಕ್ಕೆ, ಕಾಲು, ಹೊಟ್ಟೆ, ತಲೆ, ಎಲ್ಲಾ ಹಾಕಿ ರುಬ್ಬಿ ಸೋಸಿದ ನೀರು. ಸುಮಾರು 50 ವರ್ಷ ವೈದ್ಯರು ಅದನ್ನೇ ಚುಚ್ಚಿದ್ರು, ರೋಗಿಗಳು ಅದನ್ನೇ ನಂಬಿದ್ರು, ಗುಣ ಆಯ್ತು ಅಂತ ಹೇಳೋರೂ ಬೇಕಾದಷ್ಟು ಜನ ಇದ್ರು.

ಯಾಕೆ ಹಂಗನ್ಸತ್ತೆ ಅಂದ್ರೆ ಅಲರ್ಜಿ ಇರೋ ಮನುಷ್ಯಂಗೆ ಪ್ರತೀ ಸಲವೂ ಜೋರಾಗಿ ಆಗ್ಲೇಬೇಕು ಅಂತಿಲ್ಲ, ಎಷ್ಟೋ ಸಲ ತಾನಾಗೇ ಏನೂ ಆಗದೆ ಹೋಗತ್ತೆ, ಆ ಕ್ರೆಡಿಟ್ ಇಂಜೆಕ್ಷನ್‌ಗೆ ಹೋಗತ್ತೆ. ಮಧ್ಯದಲ್ಲಿ ಮೇರಿ ಲವ್‌ಲೆಸ್ ಅನ್ನೋ ವೈದ್ಯೆ ಒಬ್ಬರು ಇಡೀ ಹುಳ ಬೇಡ, ವಿಷದ ಚೀಲ ಮಾತ್ರ ಬಿಡಿಸಿ ತೆಗೆದು ಅದರದ್ದೇ ಸಾರ ಕೊಡಿ ಅಂತ ಮಾಡಿ ತೋರಿಸಿದ್ರು, 1956ರಲ್ಲಿ ಬರೆದೂ ಇದ್ದಾರೆ. ಯಾರೂ ಅಷ್ಟಾಗಿ ಕಿವಿಗೆ ಹಾಕ್ಕೊಳ್ಲಿಲ್ಲ. ನಂಗಂತೂ ಆಯಮ್ಮನ ನೆನೆಸ್ಕೊಂಡ್ರೆ ಕೈ ಮುಗಿಬೇಕು ಅನ್ಸತ್ತೆ, ಚೀಲ ಬಿಡಿಸೋ ಕಷ್ಟ ಏನು ಅಂತ ಗೊತ್ತಿರೋದ್ರಿಂದ.

ಕೊನೇಗೆ 1978ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಲಾರೆನ್ಸ್ ಲಿಕ್ಟೆನ್‌ಸ್ಟೈನ್ ಅವರ ತಂಡ ಇದನ್ನ ಸರಿಯಾಗಿ ಪರೀಕ್ಷೆಗೆ ಹಚ್ಚಿತು. ಅಲರ್ಜಿ ಇರೋರನ್ನ ಮೂರು ಗುಂಪು ಮಾಡಿದ್ರು, ಒಂದು ಗುಂಪಿಗೆ ಇಡೀ ಹುಳದ ಸಾರ, ಇನ್ನೊಂದಕ್ಕೆ ಬರೀ ವಿಷ, ಮೂರನೇದಕ್ಕೆ ಏನೂ ಇಲ್ಲದ ಸುಳ್ಳು ಇಂಜೆಕ್ಷನ್. ಕೆಲವು ವಾರ ಆದ್ಮೇಲೆ ಆಸ್ಪತ್ರೇಲಿ ಎಲ್ಲಾ ತಯಾರಿ ಇಟ್ಕೊಂಡು ನಿಜವಾಗ್ಲೂ ಹುಳದಿಂದ ಕುಟುಕಿಸಿದ್ರು. ಸುಳ್ಳು ಇಂಜೆಕ್ಷನ್ ತಗೊಂಡ 12 ಜನದಲ್ಲಿ 7 ಜನಕ್ಕೆ ಮೈಯೆಲ್ಲಾ ಅಲರ್ಜಿ ಆಯ್ತು. ಇಡೀ ಹುಳದ ಸಾರ ತಗೊಂಡ 11 ಜನದಲ್ಲೂ 7 ಜನಕ್ಕೆ ಆಯ್ತು. ಬರೀ ವಿಷ ತಗೊಂಡ 18 ಜನದಲ್ಲಿ ಒಬ್ಬರಿಗೆ, ಅದೂ ಮೊದಲಿಗಿಂತ ಕಮ್ಮಿ. ಆ ನಂಬರ್ ಇನ್ನೊಂದ್ಸಲ ಓದಿ. 12ರಲ್ಲಿ 7, 11ರಲ್ಲಿ 7. ಸುಮಾರು 50 ವರ್ಷ ಕೊಟ್ಟ ಔಷಧಿಗೂ ಏನೂ ಇಲ್ಲದ ನೀರಿಗೂ ವ್ಯತ್ಯಾಸವೇ ಇರ್ಲಿಲ್ಲ. ಮರುವರ್ಷ 1979ರಲ್ಲಿ ಅಮೆರಿಕದಲ್ಲಿ ಶುದ್ಧ ವಿಷದ ಇಂಜೆಕ್ಷನ್‌ಗೆ ಪರವಾನಗಿ ಸಿಕ್ತು.

ಹುಳ ಅದೇ, ಸೂಜಿ ಅದೇ, ವೈದ್ಯರೂ ಅದೇ. ರುಬ್ಬಿದ ಹುಳದಲ್ಲಿ ವಿಷದ ಪ್ರೋಟೀನ್ ಸಾಕಷ್ಟು ಉಳಿದಿರ್ಲಿಲ್ಲ, ಅಷ್ಟೇ. ಪ್ರೋಟೀನ್ ಓದೋದು ಯಾಕೆ ಬೇಕು ಅಂತ ಕೇಳೋರಿಗೆಲ್ಲಾ ನಾನು ಇದನ್ನೇ ಹೇಳೋದು.

ಈಗ ಆ ಚಿಕಿತ್ಸೇಲಿ 100 ಮೈಕ್ರೋಗ್ರಾಂ ತನಕ ಏರಿಸಿ ಅಲ್ಲಿ ನಿಲ್ಲಿಸ್ತಾರೆ, ಒಂದೆರಡು ಜೇನು ಕುಟುಕಿದಷ್ಟು, 3ರಿಂದ 5 ವರ್ಷ ನಡೆಯತ್ತೆ. ಕಣಜದ ಅಲರ್ಜಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನಕ್ಕೆ ಕೆಲಸ ಮಾಡತ್ತೆ, ಜೇನಿಗೆ ಹತ್ತರಲ್ಲಿ ಎಂಟು. ಈ ಎರಡರ ಮಧ್ಯೆ ಯಾಕೆ ಈ ವ್ಯತ್ಯಾಸ ಅಂತ ಹುಡುಕ್ತಾ ಹೋದ್ರೆ ಮತ್ತೆ ಪ್ರೋಟೀನ್ ಹತ್ರಾನೇ ಬಂದು ನಿಲ್ಲತ್ತೆ. ಜೇನಿನ ವಿಷದಲ್ಲಿ ಅಲರ್ಜಿ ಮಾಡೋ ಪ್ರೋಟೀನ್‌ಗಳಿಗೆ ನಂಬರ್ ಕೊಟ್ಟಿದ್ದಾರೆ, ಏಪಿ ಎಂ 1 ಅಂದ್ರೆ ಮೇಲೆ ಹೇಳಿದ ಫಾಸ್ಫೋಲೈಪೇಸ್, ಹಂಗೆ 2, 3, 4 ಅಂತ. ಅದರಲ್ಲಿ ಏಪಿ ಎಂ 10 ಅನ್ನೋದು ವಿಷದಲ್ಲಿ ಇರೋದೇ ಚೂರು, ಶುದ್ಧ ಮಾಡೋವಾಗ ಕೆಲವು ತಯಾರಿಗಳಲ್ಲಿ ಅದು ಕಳೆದೋಗ್ತಿತ್ತು. ಅದಕ್ಕೇ ಅಲರ್ಜಿ ಇರೋ ಮನುಷ್ಯಂಗೆ ಅದಿಲ್ಲದ ಇಂಜೆಕ್ಷನ್ ಕೊಟ್ರೆ 1930ರ ಕತೆಯ ಸಣ್ಣ ಆವೃತ್ತಿ ಆಯ್ತು ತಾನೆ.

ಇನ್ನೊಂದು ತಲೆನೋವು ರಕ್ತದ ಟೆಸ್ಟು. ಎಷ್ಟೋ ಜನಕ್ಕೆ ಯಾವ ಹುಳ ಕಚ್ಚಿತು ಅಂತಾನೇ ಗೊತ್ತಿರಲ್ಲ, ಹಳದಿ ಪಟ್ಟೆ ಇತ್ತು ಸಾರ್ ಅಂತಾರೆ, ಟೆಸ್ಟ್ ಮಾಡಿಸಿದ್ರೆ ಜೇನಿಗೂ ಪಾಸಿಟಿವ್ ಕಣಜಕ್ಕೂ ಪಾಸಿಟಿವ್. ಹಳೇ ಟೆಸ್ಟಲ್ಲಿ ಇಡೀ ವಿಷ ಇಟ್ಟು ನೋಡ್ತಿದ್ರು, ಆ ಪ್ರೋಟೀನ್‌ಗಳ ಮೈಮೇಲೆ ಸಕ್ಕರೆಯ ಸಣ್ಣ ಕೊಂಬೆಗಳು ಇರ್ತವೆ, ಅಂಥ ಕೊಂಬೆ ಎರಡೂ ಹುಳದಲ್ಲಿ ಒಂದೇ, ಗಿಡಗಳಲ್ಲೂ ಇರತ್ತೆ, ಟೆಸ್ಟ್ ಅದನ್ನ ನೋಡಿ ಮೋಸ ಹೋಗತ್ತೆ. ಈಗ ಸಕ್ಕರೆ ಇಲ್ಲದ ಹಾಗೆ ಲ್ಯಾಬಲ್ಲಿ ತಯಾರಿಸಿದ ಒಂದೊಂದೇ ಪ್ರೋಟೀನ್ ಇಟ್ಟು ನೋಡ್ತಾರೆ, ಜೇನಿಗೆ ಏಪಿ ಎಂ 1, ಕಣಜಕ್ಕೆ ವೆಸ್ ವಿ 5, ಆಗ ಅಸಲಿ ಯಾರು ಅಂತ ಗೊತ್ತಾಗತ್ತೆ, ಐದು ವರ್ಷದ ಇಂಜೆಕ್ಷನ್ ಒಂದೇ ಸಾಕಾ ಎರಡು ಬೇಕಾ ಅನ್ನೋದು ತೀರ್ಮಾನ ಆಗತ್ತೆ.

ಇರುವೆ ಬಗ್ಗೆ ನಿಮ್ಮ ಲೇಖನ ಒಂದೇ ಸಾಲಲ್ಲಿ ಮುಗಿಸಿದೆ, "ಇರುವೆಯ ಫಾರ್ಮಿಕ್ ಆಮ್ಲವೂ ಔಷಧೀಯ" ಅಂತ. ಅಯ್ಯೋ. ನಾವೆಲ್ಲಾ ಶಾಲೇಲಿ ಓದಿದ್ದು ಅದೇ, ಇರುವೆ ಕಚ್ಚಿದ್ರೆ ಫಾರ್ಮಿಕ್ ಆಸಿಡ್, ಜೇನು ಕಚ್ಚಿದ್ರೂ ಅದೇ, ಸೋಡಾಪುಡಿ ಉಜ್ಜಿ. ಫಾರ್ಮಿಕ್ ಆಸಿಡ್ ಇರೋ ಇರುವೆ ಒಂದು ಉಪಕುಟುಂಬ, ಅವಕ್ಕೆ ಕೊಂಡಿಯೇ ಇಲ್ಲ, ಬಾಯಲ್ಲಿ ಕಚ್ಚಿ ಹಿಂದಿಂದ ಆಸಿಡ್ ಚಿಮ್ಮಿಸ್ತವೆ. ಕೊಂಡಿ ಇರೋ ಇರುವೆಗಳ ಕತೆ ಬೇರೇನೇ. ಬುಲೆಟ್ ಇರುವೆ ಅಂತ ಮಧ್ಯ, ದಕ್ಷಿಣ ಅಮೆರಿಕದ ಕಾಡಲ್ಲಿ ಇದೆ, ಅದರ ವಿಷದಲ್ಲಿ ಪೊನೆರಾಟಾಕ್ಸಿನ್ ಅನ್ನೋ 25 ಅಮೈನೋ ಆಸಿಡ್‌ನ ಪೆಪ್ಟೈಡ್ ನರದ ಸೋಡಿಯಂ ಬಾಗಿಲನ್ನ ಮುಚ್ಚೋಕೆ ಬಿಡಲ್ಲ, ನರ ನೋವು ನೋವು ಅಂತ ಕೂಗ್ತಾನೇ ಇರತ್ತೆ, ಸೋಡಾಪುಡಿ ಅದಕ್ಕೇನ್ ಮಾಡೀತು. ನೋವಿನ ಬಾಗಿಲು ಹೆಂಗೆ ತೆಗೆಯತ್ತೆ ಅಂತ ಗೊತ್ತಾದ್ರೆ ಮುಚ್ಚೋದು ಹೆಂಗೆ ಅಂತ ಯೋಚ್ನೆ ಮಾಡಬಹುದು, ಅದಕ್ಕೇ ಇಂಥ ವಿಷ ಓದೋದು. ಬೆಂಕಿ ಇರುವೆ ವಿಷದಲ್ಲಿ ಪ್ರೋಟೀನ್ ತೀರಾ ಕಮ್ಮಿ, 95 ಪರ್ಸೆಂಟ್‌ಗೂ ಹೆಚ್ಚು ಆಲ್ಕಲಾಯ್ಡು ಅನ್ನೋ, ಪ್ರೋಟೀನ್ ಅಲ್ಲದ ರಾಸಾಯನಿಕ, ಆ ಬಿಳಿ ಕೀವುಗುಳ್ಳೆ ಏಳೋದು ಆಲ್ಕಲಾಯ್ಡಿಂದ, ಜೀವಕ್ಕೆ ಬರೋ ಅಲರ್ಜಿ ಮಾತ್ರ ಆ ಚೂರೇ ಚೂರು ಪ್ರೋಟೀನಿಂದ. ಮಜಾ ಏನಂದ್ರೆ ಬೆಂಕಿ ಇರುವೆಗೆ ಇವತ್ತಿಗೂ ಇಡೀ ಇರುವೆ ರುಬ್ಬಿದ ಸಾರವನ್ನೇ ಚಿಕಿತ್ಸೆಗೆ ಕೊಡ್ತಾರೆ, ಅದು ಕೆಲಸಾನೂ ಮಾಡತ್ತೆ, ಆ ಸಾರದಲ್ಲಿ ವಿಷದ ಪ್ರೋಟೀನ್ ಸಾಕಷ್ಟು ಉಳ್ಕೊಳತ್ತೆ. ಹಂಗಾಗಿ ರುಬ್ಬೋದೇ ತಪ್ಪು ಅಂತಲೂ ನಾನು ಹೇಳಲ್ಲ, ಬಾಟ್ಲೀಲಿ ಆ ಪ್ರೋಟೀನ್ ಇದ್ಯಾ ಅಂತ ನೋಡ್ಬೇಕು ಅಷ್ಟೇ. ಆಸ್ಟ್ರೇಲಿಯಾದ ಜಾಕ್ ಜಂಪರ್ ಅನ್ನೋ ಜಿಗಿಯೋ ಇರುವೆಗೆ ಶುದ್ಧ ವಿಷದ ಚಿಕಿತ್ಸೆ 2003ರಲ್ಲಿ ಪರೀಕ್ಷೆ ಆಯ್ತು, ಸುಳ್ಳು ಇಂಜೆಕ್ಷನ್ ತಗೊಂಡ 29 ಜನದಲ್ಲಿ 21 ಜನಕ್ಕೆ ಜೋರು ಅಲರ್ಜಿ, ವಿಷ ತಗೊಂಡ 23ರಲ್ಲಿ ಒಬ್ಬರಿಗೂ ಇಲ್ಲ.

ಕಣಜದ್ದೂ ಒಂದೆರಡು ಮಾತು. ಬ್ರೆಜಿಲ್‌ನ ಪೊಲಿಬಿಯಾ ಪಾಲಿಸ್ತಾ ಅನ್ನೋ ಕಣಜದಲ್ಲಿ ಎಂಪಿ1 ಅಂತ 14 ಅಮೈನೋ ಆಸಿಡ್‌ನ ಪೆಪ್ಟೈಡ್ ಇದೆ. ಕೆಲವು ಕೊಬ್ಬಿನ ಕಣ ಮಾಮೂಲಿ ಕೋಶದ ಪೊರೇಲಿ ಒಳಮೈಲಿ ಇರ್ತವೆ, ಕ್ಯಾನ್ಸರ್ ಕೋಶದಲ್ಲಿ ಅಂಗಿ ತಿರುವಿ ಹಾಕ್ಕೊಂಡಂಗೆ ಹೊರಮೈಗೆ ಬಂದಿರ್ತವೆ, ಇದು ಅಂಥ ಪೊರೆ ನೋಡಿ ಅಂಟಿ ತೂತು ದೊಡ್ಡದು ಮಾಡತ್ತೆ ಅಂತ 2015ರಲ್ಲಿ ಬ್ರಿಟನ್ನಿನ ಲೀಡ್ಸ್ ಮತ್ತೆ ಬ್ರೆಜಿಲ್‌ನೋರು ಸೇರಿ ತೋರಿಸಿದ್ರು, ಅದನ್ನ ತೋರಿಸಿದ್ದು ಲ್ಯಾಬಲ್ಲಿ ಕಟ್ಟಿದ ಕೃತಕ ಪೊರೆ ಮೇಲೆ. ಮಾಸ್ಟೊಪರಾನ್ ಅಂತ ಇನ್ನೊಂದಿದೆ, ಅದು ಬ್ಯಾಕ್ಟೀರಿಯಾ ಕೊಲ್ಲತ್ತೆ, ನಮ್ಮ ಕೋಶಾನೂ ಕೊಲ್ಲತ್ತೆ. 2020ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ಸೆಸಾರ್ ದೆ ಲಾ ಫ್ವೆಂತೆ ತಂಡದೋರು ಅದರ ಒಂದು ತುದಿ ಬದಲಾಯಿಸಿ ಬ್ಯಾಕ್ಟೀರಿಯಾಗೆ ಹುಲಿ, ನಮಗೆ ಸಾಧು ಆಗೋ ಹಾಗೆ ತಿದ್ದಿ ಇಲಿಗಳಲ್ಲಿ ನೋಡಿದ್ರು. ಈ ಕಡೆ ಕೆಲಸದ ಮೇಲೆ ನಂಗೆ ಕ್ಯಾನ್ಸರ್ ಸುದ್ದಿಗಿಂತ ಹೆಚ್ಚು ಆಸೆ ಇದೆ, ಇದ್ದ ಆ್ಯಂಟಿಬಯೋಟಿಕ್‌ಗಳು ಒಂದೊಂದಾಗಿ ಕೈ ಕೊಡ್ತಿರೋ ಕಾಲ ಇದು.

ಇನ್ನು ಅಪಮಿನ್, ಮೊದಲು ಹೇಳಿದ 18ರ ಪುಟಾಣಿ. ಅದು ಔಷಧಿ ಆಗಿಲ್ಲ, ಆದ್ರೆ ನರಕೋಶಗಳಲ್ಲಿ ಎಸ್‌ಕೆ ಅನ್ನೋ ಪೊಟ್ಯಾಸಿಯಂ ಬಾಗಿಲುಗಳನ್ನ ಗುರುತು ಹಿಡಿಯೋಕೆ ವಿಜ್ಞಾನಿಗಳ ಕೈಗೆ ಸಿಕ್ಕ ಒಳ್ಳೇ ಬೀಗದ ಕೈ ಅದು, ಬೇರೆ ಬಾಗಿಲು ಮುಟ್ಟದೆ ಅದೊಂದನ್ನೇ ಮುಚ್ಚತ್ತೆ. ಹಿಂಗೆ ಔಷಧಿ ಆಗದೇನೇ ಉಪಕಾರ ಮಾಡಿದ ವಿಷಗಳೂ ಇವೆ, ಅವುಕ್ಕೆ ಸುದ್ದಿ ಬೆಲೆ ಇಲ್ಲ, ಇರ್ಲಿ ಬಿಡಿ.

ನಿಮ್ಮ ಲೇಖನದ ಪಕ್ಕದ ಬಾಕ್ಸಲ್ಲಿ ಜೇನು ಕಚ್ಚಿದ್ರೆ ಕೊಂಡೀನ ಚಿಮಟದಲ್ಲಿ ಹಿಡೀಬೇಡಿ, ಚೀಲ ಹಿಂಡಿದಂಗೆ ಆಗತ್ತೆ, ಕಾರ್ಡ್ ಹುಡುಕಿ ತಂದು ಕೆರೆದು ತೆಗೀರಿ ಅಂತ ಇತ್ತು. 1996ರಲ್ಲೇ ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ, ಹೆಂಗೆ ತೆಗೆದ್ರಿ ಅನ್ನೋದು ಮುಖ್ಯ ಅಲ್ಲ, ಎಷ್ಟು ಬೇಗ ತೆಗೆದ್ರಿ ಅನ್ನೋದೇ ಮುಖ್ಯ. ಚೀಲ ತಾನಾಗೇ ಪಂಪ್ ಮಾಡತ್ತೆ, 20 ಸೆಕೆಂಡಲ್ಲಿ ಹೆಚ್ಚುಕಮ್ಮಿ ಪೂರ್ತಿ ಒಳಗೆ. ಕಾರ್ಡ್ ಹುಡುಕೋಷ್ಟರಲ್ಲಿ ಎಲ್ಲಾ ಮುಗಿದಿರತ್ತೆ, ಉಗುರಲ್ಲೋ ಬೆರಳಲ್ಲೋ ಕಿತ್ತು ಬಿಸಾಕಿ. ಮೈಯೆಲ್ಲಾ ದದ್ದು, ಗಂಟಲು ಬಿಗಿ, ಉಸಿರು ಸಿಗ್ತಿಲ್ಲ, ತಲೆ ಸುತ್ತು ಅಂದ್ರೆ ಅಡ್ರಿನಲಿನ್ ಇಂಜೆಕ್ಷನ್ನೇ ಮೊದಲ ಔಷಧಿ, ತಕ್ಷಣ ಆಸ್ಪತ್ರೆ. ಬಾಕ್ಸಲ್ಲಿ ಅಡ್ರಿನಲಿನ್ ಹೆಸರೇ ಇರ್ಲಿಲ್ಲ, ಅರಿಶಿನದ ಹೆಸರು ಎರಡು ಸಲ ಇತ್ತು.

ನಾನು ಕೇಳೋದು ಇಷ್ಟೇ ಸಂಪಾದಕರೇ. ವಿಷದ ಸುದ್ದಿ ಹಾಕಿ, ದಯವಿಟ್ಟು ಹಾಕಿ, ನಮ್ಮ ಕೆಲಸದ ಬಗ್ಗೆ ಬರೆಯೋರೇ ಕಮ್ಮಿ. ಹೆಡ್‌ಲೈನ್ ಕೆಳಗೆ ಒಂದು ಸಾಲು ಸೇರಿಸಿ ಸಾಕು: ಇದು ಯಾವ ಪ್ರೋಟೀನ್, ನೋಡಿದ್ದು ತಟ್ಟೇಲೋ ಇಲೀಲೋ ಮನುಷ್ಯರಲ್ಲೋ. ಮನುಷ್ಯರಲ್ಲಿ ನೋಡಿ ಏನೂ ಆಗ್ಲಿಲ್ಲ ಅಂದ್ರೆ ಅದನ್ನೂ ಒಂದು ಮೂಲೇಲಿ ಹಾಕಿ. ಅಡ್ರಿನಲಿನ್ ವಿಷಯ ಮಾತ್ರ ಈ ಪತ್ರ ಬರೋವರೆಗೂ ಕಾಯದೆ ನಾಳೇನೇ ತಿದ್ದುಪಡಿ ಹಾಕಿದ್ರೆ ಒಳ್ಳೇದು.

ಚಿಕ್ಕಮ್ಮ ಮೊನ್ನೆ ಮತ್ತೆ ಫೋನ್ ಮಾಡಿದ್ರು. ಮಂಡಿಗೆ ಹುಳ ಬೇಡವಂತೆ, ಆದ್ರೆ ಪೇಪರಲ್ಲಿ ಬಂದಿದ್ದು ಸುಳ್ಳು ಅಂತ ನಾನು ಹೇಳಿದ್ರೆ ನಂಬಲ್ಲವಂತೆ, ಪೇಪರಲ್ಲೇ ಬರ್ಲಿ ನೋಡೋಣ ಅಂದಿದ್ದಾರೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಪೇಪರಿನ ಹಳೇ ಓದುಗ, ವಿಷದ ಲ್ಯಾಬಿನ ಒಬ್ಬ ಟೆಕ್ನಿಷಿಯನ್